ಒಮ್ಮೆ ಸ್ಟಾರ್ಟ್ ಆಗ್ತದ, ಒಮ್ಮೆ ಆಗಂಗಿಲ್ಲ: ಬೈಕಿನ ಕಣ್ಣಾಮುಚ್ಚಾಲೆ ರೋಗ ಹಿಡಿಯೋದು ಹ್ಯಾಂಗ?

ಬಾಗಲಕೋಟೆ: ಮುಂಜಾನೆ ಅಂಗಡಿ ತೆಗೆಯೋ ಹೊತ್ತು. ಬೈಕ್ ಸ್ಟಾರ್ಟ್ ಆಗವಲ್ದು. ಹತ್ತು ಕಿಕ್ ಹೊಡೆದು, ಬೆವರು ಸುರಿಸಿ, ಕಡೆಗೆ ಓಣಿ ಹುಡುಗರ ಕೈಲೆ ನೂಕಿಸಿ ಗ್ಯಾರೇಜಿಗೆ ಒಯ್ದರೆ, ಮೆಕ್ಯಾನಿಕ್ ಕಾಲಿಟ್ಟ ಕೂಡಲೇ ಒಂದೇ ಕಿಕ್ಕಿಗೆ ಸ್ಟಾರ್ಟ್! "ಗಾಡಿಗೆ ಏನೂ ಆಗಿಲ್ಲಲ್ರೀ ಅಣ್ಣಾರ" ಅಂತಾರೆ ಅವರು. ಮನೆಗೆ ಬಂದು ಎರಡು ದಿನ ಸುಮ್ಮನಿರ್ತದೆ. ಮೂರನೇ ದಿನ ಮತ್ತೆ ಅದೇ ಹಾಡು.

ಪೂರ್ತಿ ಕೆಟ್ಟು ನಿಂತ ಗಾಡಿಯನ್ನು ರಿಪೇರಿ ಮಾಡೋದು ಸುಲಭ. ಹೀಗೆ ಆಗಾಗ ಮಾತ್ರ ಕೈಕೊಡೋ ಗಾಡಿಯೇ ಕಷ್ಟ. ಯಾಕಂದ್ರೆ ಪರೀಕ್ಷೆ ಮಾಡೋ ಹೊತ್ತಿಗೆ ರೋಗ ಇರೋದಿಲ್ಲ. ರೋಗ ಕಾಣದಿದ್ದಾಗ ಅಂದಾಜಿನ ಮೇಲೆ ಸಾಮಾನು ಬದಲಿಸೋದು ಶುರುವಾಗ್ತದೆ. ಮೊದಲು ಪ್ಲಗ್, ಆಮೇಲೆ ಬ್ಯಾಟರಿ, ಆಮೇಲೆ ಸಿಡಿಐ, ಆಮೇಲೆ ಕಾರ್ಬುರೇಟರ್. ಸಾವಿರಾರು ರೂಪಾಯಿ ಹೋದ ಮೇಲೆ, ಹ್ಯಾಂಡಲ್ ಬುಡದಲ್ಲಿ ಒಳಗೊಳಗೇ ಹರಿದಿದ್ದ ಒಂದು ವೈರ್ ಸಿಗ್ತದೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ತಾಲೂಕುಗಳಲ್ಲಿ ಬೈಕ್ ಅಂದ್ರೆ ಬರೀ ತಿರುಗಾಡೋ ವಾಹನ ಅಲ್ಲ. ಸೀರೆ ಗಂಟು, ಹಾಲಿನ ಕ್ಯಾನು, ತರಕಾರಿ ಚೀಲ, ಹೊಲದ ಪಂಪ್‌ಸೆಟ್ ಸಾಮಾನು ಎಲ್ಲ ಅದರ ಮೇಲೇ. ರಾತ್ರಿ ಹೊತ್ತು ಯಾರಿಗಾದರೂ ಆರಾಮ ಇಲ್ಲದಾಗ ಹಳ್ಳಿಯಿಂದ ದವಾಖಾನೆಗೆ ಓಡೋದೂ ಅದರ ಮೇಲೇ. ಹಾಗಾಗಿ 'ನಡೀತದ ಬಿಡು' ಅಂತ ತಳ್ಳಿಕೊಂಡು ಹೋಗುವ ಕಾಯಿಲೆ ಇದಲ್ಲ. ಇದನ್ನು ಕ್ರಮವಾಗಿ ಹಿಡಿಯೋದು ಹೇಗೆ ಅನ್ನೋದರ ಪೂರ್ತಿ ಮಾಹಿತಿ ಇಲ್ಲಿದೆ.

ಮೊದಲ ಪ್ರಶ್ನೆ: ಎಂಜಿನ್ ತಿರುಗ್ತದೋ ಇಲ್ಲೋ?

'ಸ್ಟಾರ್ಟ್ ಆಗೋದಿಲ್ಲ' ಅನ್ನೋ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ರೋಗ ಅಡಗಿವೆ.

ಒಂದು, ಸೆಲ್ಫ್ ಬಟನ್ ಒತ್ತಿದರೆ ಎಂಜಿನ್ ತಿರುಗೋದೇ ಇಲ್ಲ. ಸದ್ದೇ ಇಲ್ಲ, ಇಲ್ಲವೇ 'ಟಕ್' ಅಂತ ಒಂದು ಸದ್ದು ಮಾತ್ರ. ಇದು ಬ್ಯಾಟರಿ, ಫ್ಯೂಸ್, ರಿಲೇ, ಸ್ವಿಚ್, ಸೆಲ್ಫ್ ಮೋಟಾರ್ ಕಡೆಯ ತೊಂದರೆ.

ಎರಡು, ಎಂಜಿನ್ ಚೆನ್ನಾಗಿಯೇ ತಿರುಗ್ತದೆ, ಕಿಕ್ಕೂ ಹೊಡೀತದೆ, ಆದರೆ ಹತ್ತಿಕೊಳ್ಳೋದಿಲ್ಲ. ಇದು ಕರೆಂಟ್ (ಅಂದರೆ ಪ್ಲಗ್ಗಿನ ಕಿಡಿ), ಪೆಟ್ರೋಲ್, ಗಾಳಿ, ಕಂಪ್ರೆಶನ್ ಈ ನಾಲ್ಕರಲ್ಲಿ ಒಂದರ ತೊಂದರೆ.

ಈ ವ್ಯತ್ಯಾಸ ಹೇಳಿದರೆ ಮೆಕ್ಯಾನಿಕ್ ಕೆಲಸ ಅರ್ಧ ಮುಗಿದಂತೆ. ಎರಡನೇ ಗುಂಪಿನ ಗಾಡಿಗೆ ಹೊಸ ಬ್ಯಾಟರಿ ಹಾಕಿಸಿದರೆ ಬಹಳ ಸಲ ಉಪಯೋಗ ಇಲ್ಲ. ಮೊದಲನೇ ಗುಂಪಿನ ಗಾಡಿಗೆ ಕಾರ್ಬುರೇಟರ್ ಬಿಚ್ಚಿಸಿದರೂ ಅಷ್ಟೇ.

ಕೈಕೊಟ್ಟ ಆ ಐದು ನಿಮಿಷ ಬಿಡಬ್ಯಾಡ್ರಿ

ಗಾಡಿ ಸ್ಟಾರ್ಟ್ ಆಗದ ಕ್ಷಣವೇ ರೋಗ ಕಣ್ಣ ಮುಂದೆ ಇರುವ ಕ್ಷಣ. ಆದರೆ ಎಲ್ಲರೂ ಅದೇ ಹೊತ್ತಿಗೆ ನೂಕಿ ಸ್ಟಾರ್ಟ್ ಮಾಡಿ ಹೋಗಿಬಿಡ್ತಾರೆ. ನೂಕೋದಕ್ಕೆ ಮೊದಲು ರಸ್ತೆ ಬದಿಗೆ ನಿಂತು ಈ ಕ್ರಮದಲ್ಲಿ ನೋಡ್ರಿ:

1. ಕೀ ಆನ್ ಮಾಡಿದಾಗ ಮೀಟರ್ ದೀಪ, ನ್ಯೂಟ್ರಲ್ ದೀಪ ಹತ್ತುತ್ತವೆಯೇ? ಹಾರ್ನ್ ಗಟ್ಟಿ ಇದೆಯೇ, ಗೊಗ್ಗರು ಇದೆಯೇ?
2. ಕೆಂಪು ಕಿಲ್ ಸ್ವಿಚ್ ಆಫ್ ಆಗಿದೆಯೇ? ಮಕ್ಕಳು ಗಾಡಿ ಮೇಲೆ ಕೂತು ಆಡಿದ್ದರೆ ಇದೇ ಮೊದಲ ಕಾರಣ.
3. ಸೈಡ್ ಸ್ಟ್ಯಾಂಡ್ ಪೂರ್ತಿ ಮೇಲೆ ಹೋಗಿದೆಯೇ? ಬಹುತೇಕ ಹೊಸ ಗಾಡಿಗಳಲ್ಲಿ ಸ್ಟ್ಯಾಂಡ್ ಕೆಳಗಿದ್ದರೆ ಗೇರಿನಲ್ಲಿ ಎಂಜಿನ್ ಹತ್ತೋದಿಲ್ಲ, ಕೆಲವು ಗಾಡಿಗಳಲ್ಲಿ ನ್ಯೂಟ್ರಲ್‌ನಲ್ಲೂ ಹತ್ತೋದಿಲ್ಲ.
4. ಗೇರಿನಲ್ಲಿದ್ದರೆ ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಪೂರ್ತಿ ಹಿಡಿದು ಮತ್ತೊಮ್ಮೆ ಸೆಲ್ಫ್ ಒತ್ತಿ.
5. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಎರಡೂ ಕಡೆ ಸ್ಟಾರ್ಟ್ ಮಾಡಿ ನೋಡಿ.
6. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. 'ಸುಸ್' ಅಂತ ಗಾಳಿ ಎಳೆದ ಸದ್ದು ಬಂತೇ? ತೆಗೆದ ಮೇಲೆ ಸ್ಟಾರ್ಟ್ ಆಯಿತೇ?
7. ಕಾರ್ಬುರೇಟರ್ ಗಾಡಿಯಾದರೆ ಪೆಟ್ರೋಲ್ ಕಾಕ್ 'ಆನ್' ಇದೆಯೇ, 'ರಿಸರ್ವ್'ಗೆ ಹಾಕಿದರೆ ಏನಾಗ್ತದೆ?

ಹ್ಯಾಂಡಲ್ ಒಂದು ಕಡೆ ತಿರುಗಿಸಿದಾಗ ಮೀಟರ್ ದೀಪ ಮಿಣುಕಿದರೆ, ಇಲ್ಲವೇ ಓಡುವ ಎಂಜಿನ್ ಬಂದ್ ಆದರೆ, ಅದಕ್ಕಿಂತ ಒಳ್ಳೆ ಸುಳಿವು ಇಲ್ಲ. ಸ್ಟಿಯರಿಂಗ್ ಹತ್ತಿರ ವೈರಿಂಗ್ ಕಟ್ಟು ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ತಾಮ್ರದ ಎಳೆ ತುಂಡಾಗಿರ್ತದೆ. ಮೇಲಿನ ಪ್ಲಾಸ್ಟಿಕ್ ಮಾತ್ರ ಹಾಗೇ ಇರ್ತದೆ. ಹೊರಗಿನಿಂದ ಕಣ್ಣಿಗೆ ಕಾಣೋದಿಲ್ಲ, ಅದಕ್ಕೇ ಇದು ಎಲ್ಲರನ್ನೂ ದಾರಿ ತಪ್ಪಿಸ್ತದೆ. ಕೀ ಅಲ್ಲಾಡಿಸಿದಾಗ ದೀಪ ಹೋಗಿ ಬಂದರೆ ಕೀ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸವೆದಿದೆ ಅಂತ ಅರ್ಥ.

ಸೆಲ್ಫ್ ತಿರುಗದಿದ್ದರೆ

ಇಲ್ಲಿ ಅಂದಾಜು ಬೇಡ, ಮೀಟರ್ ಸಾಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗೋ ಸಾದಾ ಡಿಜಿಟಲ್ ಮಲ್ಟಿಮೀಟರ್ ಈ ಕೆಲಸ ಮಾಡ್ತದೆ. ಡಿಸಿ ವೋಲ್ಟ್‌ಗೆ ಇಟ್ಟು ಬ್ಯಾಟರಿಯ ಎರಡೂ ತುದಿಗೆ ಹಚ್ಚಬೇಕು.

ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಅಥವಾ ಹೆಚ್ಚು ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2ರ ಆಸುಪಾಸು ಇದ್ದರೆ ಅರ್ಧದಷ್ಟು. 12ಕ್ಕಿಂತ ಕಡಿಮೆ ಇದ್ದರೆ ಬಹುತೇಕ ಖಾಲಿ.

ಸೆಲ್ಫ್ ಒತ್ತಿ ಹಿಡಿದಾಗ ವೋಲ್ಟೇಜ್ ಇಳಿಯೋದು ಸಹಜ. ಆದರೆ 10 ವೋಲ್ಟ್‌ಗಿಂತ ಬಹಳ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ. ಇನ್ನು 12ರ ಮೇಲೇ ನಿಂತಿದ್ದು, ಬರೀ 'ಟಕ್' ಅಂದರೆ ಬ್ಯಾಟರಿ ತಪ್ಪಲ್ಲ. ರಿಲೇ, ಸೆಲ್ಫ್ ಮೋಟಾರ್ ಕಾರ್ಬನ್ ಅಥವಾ ಸಡಿಲ ವೈರ್ ಕಡೆ ನೋಡಬೇಕು. 'ಟಕ್' ಕೂಡ ಇಲ್ಲದಿದ್ದರೆ ಫ್ಯೂಸ್, ಬಟನ್, ಕ್ಲಚ್ ಸ್ವಿಚ್, ಸ್ಟ್ಯಾಂಡ್ ಸ್ವಿಚ್.

ಎಂಜಿನ್ ಓಡುವಾಗ ಸ್ವಲ್ಪ ಎಕ್ಸಲೇಟರ್ ಕೊಟ್ಟು ಅಳೆದರೆ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ಇಷ್ಟು ಬರದಿದ್ದರೆ ಚಾರ್ಜಿಂಗ್ ಇಲ್ಲ. ಆಗ ಹೊಸ ಬ್ಯಾಟರಿ ಹಾಕಿಸಿದರೂ ಕೆಲವೇ ದಿನಕ್ಕೆ ಅದೂ ಇಳೀತದೆ. 'ಬ್ಯಾಟರಿ ಬದಲಿಸಿದೆ, ಒಂದು ವಾರ ಚೆನ್ನಾಗಿತ್ತು, ಮತ್ತೆ ಶುರುವಾಯ್ತು' ಅನ್ನೋ ದೂರಿನ ಹಿಂದೆ ಇರೋದು ಬಹಳ ಸಲ ಇದೇ.

ಬ್ಯಾಟರಿ ತುದಿಗೆ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ, ನಟ್ ಸಡಿಲ ಇದ್ದರೆ, ಚಾಸಿಗೆ ಕೂಡಿಸಿದ ಅರ್ಥಿಂಗ್ ವೈರ್ ತುಕ್ಕು ಹಿಡಿದಿದ್ದರೆ, ಒಮ್ಮೆ ಕರೆಂಟ್ ಹರಿದು ಒಮ್ಮೆ ಹರಿಯೋದಿಲ್ಲ. ಉಜ್ಜಿ, ಬಿಗಿ ಮಾಡಲು ದುಡ್ಡೇ ಬೇಡ. ಮೊದಲು ಅದನ್ನೇ ಮಾಡಿಸಬೇಕು.

ತಿರುಗ್ತದೆ, ಆದರೆ ಹತ್ತೋದಿಲ್ಲ

ಇಲ್ಲಿ ಪ್ಲಗ್ ಬಿಚ್ಚಿ ನೋಡಿದರೆ ಅದೇ ಕಥೆ ಹೇಳ್ತದೆ. ತುದಿ ಪೆಟ್ರೋಲಿನಿಂದ ಒದ್ದೆ ಇದ್ದರೆ ಪೆಟ್ರೋಲ್ ಬರ್ತಿದೆ, ಕಿಡಿ ಇಲ್ಲ, ಅಥವಾ ಪೆಟ್ರೋಲ್ ಅತಿಯಾಗಿದೆ. ಹತ್ತು ಸಲ ಕಿಕ್ ಹೊಡೆದರೂ ಪ್ಲಗ್ ಒಣಗಿಯೇ ಇದ್ದರೆ ಪೆಟ್ರೋಲ್ ತಲುಪ್ತಿಲ್ಲ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ, ಅಂದರೆ ಏರ್ ಫಿಲ್ಟರ್ ನೋಡಬೇಕು. ಬಿಳಿಚಿಕೊಂಡಿದ್ದರೆ ಗಾಳಿ ಜಾಸ್ತಿ. ತಿಳಿ ಕಂದು ಬಣ್ಣ ಇದ್ದರೆ ಸರಿ ಇದೆ.

ಕಿಡಿ ನೋಡಬೇಕಂದ್ರೆ ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟು ಕಿಕ್ ಹೊಡೀಬೇಕು. ನೀಲಿ ಬಣ್ಣದ ಗಟ್ಟಿ ಕಿಡಿ ಬಂದರೆ ಸರಿ. ಹಳದಿ, ಸಣ್ಣ, ಬಿಟ್ಟು ಬಿಟ್ಟು ಬರುವ ಕಿಡಿ ಆದರೆ ಪ್ಲಗ್, ಕ್ಯಾಪ್, ಹೈಟೆನ್ಶನ್ ವೈರ್, ಕಾಯಿಲ್ ಈ ಕ್ರಮದಲ್ಲಿ ಒಂದೊಂದೇ ನೋಡಬೇಕು. ಪ್ಲಗ್ಗನ್ನು ಕೈಯಲ್ಲಿ ಹಿಡೀಬಾರದು, ಪ್ಲಗ್ ತೂತಿನ ಹತ್ತಿರವೂ ಇಡಬಾರದು, ಪೆಟ್ರೋಲ್ ಚೆಲ್ಲಿದ ಕಡೆ ಈ ಪರೀಕ್ಷೆ ಮಾಡಲೇಬಾರದು. ಇಂಜೆಕ್ಷನ್ ಗಾಡಿಯಲ್ಲಿ ಇದನ್ನು ಮೆಕ್ಯಾನಿಕ್ ಕೈಲೇ ಮಾಡಿಸೋದು ಒಳ್ಳೇದು.

ಒಂದು ಸಲಕ್ಕೆ ಒಂದೇ ಸಾಮಾನು ಬದಲಿಸಬೇಕು ಅನ್ನೋದು ಇಲ್ಲಿನ ಮುಖ್ಯ ಪಾಠ. ಮೂರು ಸಾಮಾನು ಒಟ್ಟಿಗೆ ಬದಲಿಸಿ ಗಾಡಿ ಸರಿಯಾದರೆ, ಎರಡಕ್ಕೆ ಸುಮ್ಮನೆ ದುಡ್ಡು ಕೊಟ್ಟಂಗ.

ಯಾವ ಹೊತ್ತಿನಾಗ ಕೈಕೊಡ್ತದ? ಅದೇ ಸುಳಿವು

*ಮುಂಜಾನೆ ತಂಪಿನಲ್ಲಿ ಮಾತ್ರ:* ಬ್ಯಾಟರಿ ಸೋತಿರಬಹುದು, ಚೋಕ್ ಕೇಬಲ್ ಕೆಲಸ ಮಾಡದಿರಬಹುದು, ಪ್ಲಗ್ ಸವೆದು ಗ್ಯಾಪ್ ದೊಡ್ಡದಾಗಿರಬಹುದು. ಸ್ಲೋ ಜೆಟ್‌ನಲ್ಲಿ ಕಸ ಕೂತಿದ್ದರೂ ಹೀಗೇ.

*ಬಿಸಿಯಾದ ಮೇಲೆ ಮಾತ್ರ:* ಬಾಗಲಕೋಟೆಯಿಂದ ಹುನಗುಂದಕ್ಕೆ ಹೊರಟು, ಅಮೀನಗಡದಲ್ಲಿ ಚಹಾಕ್ಕೆ ನಿಲ್ಲಿಸಿ, ಮತ್ತೆ ಹೊರಡೋಣ ಅಂದ್ರೆ ಸ್ಟಾರ್ಟ್ ಇಲ್ಲ, ಅರ್ಧ ತಾಸು ಬಿಟ್ಟರೆ ತಾನೇ ಸ್ಟಾರ್ಟ್. ಈ ಲಕ್ಷಣ ಇದ್ದರೆ ಬಿಸಿಯಲ್ಲಿರುವಾಗಲೇ ಕಿಡಿ ನೋಡಬೇಕು. ತಣ್ಣಗಿದ್ದಾಗ ಕಿಡಿ ಬಂದು, ಬಿಸಿಯಲ್ಲಿ ಬರದಿದ್ದರೆ ಪಲ್ಸರ್ ಕಾಯಿಲ್, ಇಗ್ನಿಷನ್ ಕಾಯಿಲ್ ಅಥವಾ ಸಿಡಿಐ ಅನುಮಾನ. ಕಾಯಿಲ್ ಒಳಗಿನ ಸಣ್ಣ ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ಬಿಡ್ತದೆ, ತಣ್ಣಗಾದರೆ ಮತ್ತೆ ಕೂಡ್ತದೆ. ತಣ್ಣಗಿದ್ದಾಗ ಮೀಟರ್ ಹಚ್ಚಿದರೆ 'ಸರಿ ಇದೆ' ಅಂತಲೇ ತೋರಿಸ್ತದೆ.

ಬಿಸಿಯಲ್ಲೂ ಕಿಡಿ ಚೆನ್ನಾಗಿದ್ದು, ಕಿಕ್ ಮಾತ್ರ ಸಡಿಲ ಅನ್ನಿಸಿದರೆ ಟ್ಯಾಪೆಟ್ ಬಿಗಿಯಾಗಿರಬಹುದು. ಬಿಸಿಗೆ ವಾಲ್ವ್ ಹಿಗ್ಗಿ ಪೂರ್ತಿ ಮುಚ್ಚಿಕೊಳ್ಳೋದಿಲ್ಲ, ಕಂಪ್ರೆಶನ್ ಸೋರ್ತದೆ. ಟ್ಯಾಪೆಟ್ ಸದ್ದು ಇಲ್ಲ ಅಂದ್ರೆ ಗಾಡಿ ಚೆನ್ನಾಗಿದೆ ಅಂತ ತಿಳಿಯೋರು ಬಹಳ. ಅತಿ ಬಿಗಿಯಾದ ಟ್ಯಾಪೆಟ್ಟಿಗೂ ಸದ್ದು ಇರೋದಿಲ್ಲ ಅನ್ನೋದು ನೆನಪಿರಲಿ. ಗ್ಯಾಪನ್ನು ಎಂಜಿನ್ ಪೂರ್ತಿ ತಣ್ಣಗಿದ್ದಾಗ ಗೇಜ್ ಹಾಕಿಯೇ ಹಿಡಿಸಬೇಕು, ಕಿವಿ ಮೇಲೆ ಅಲ್ಲ.

*ದೂರ ಓಡಿದ ಮೇಲೆ ತಾನೇ ಬಂದ್:* ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿದೆ. ಪೆಟ್ರೋಲ್ ಇಳಿದಂಗೆಲ್ಲ ಒಳಗೆ ಗಾಳಿ ಬರಬೇಕು, ಬರದಿದ್ದರೆ ಪೆಟ್ರೋಲ್ ಇಳಿಯೋದು ನಿಲ್ತದೆ. ಧೂಳು ಕೂತೋ, ಚಂದಕ್ಕೆ ಹಾಕಿದ ಟ್ಯಾಂಕ್ ಕವರ್ ಮುಚ್ಚಿಕೊಂಡೋ ಹೀಗಾಗ್ತದೆ. ಮುಚ್ಚಳ ತೆಗೆದ ಕೂಡಲೇ ಸ್ಟಾರ್ಟ್ ಆದರೆ ರೋಗ ಸಿಕ್ಕಂತೆ.

*ಮಳೆ ಅಥವಾ ವಾಟರ್ ಸರ್ವೀಸ್ ನಂತರ:* ಪ್ಲಗ್ ಕ್ಯಾಪ್ ಸೀಳಿದೆ, ಇಲ್ಲವೇ ಕಪ್ಲರ್ ಒಳಗೆ ನೀರು ಹೋಗಿದೆ. ಕತ್ತಲಲ್ಲಿ ಎಂಜಿನ್ ಓಡಿಸಿ ಪ್ಲಗ್ ವೈರ್ ಮೇಲೆ ಸಣ್ಣಗೆ ನೀರು ಚಿಮುಕಿಸಿದರೆ, ಸೀಳಿದ ಕಡೆ ಕಿಡಿ ಹಾರೋದು ಕಣ್ಣಿಗೇ ಕಾಣ್ತದೆ. ಕೈ ತಾಗಿಸಬಾರದು. ವಾಟರ್ ಸರ್ವೀಸ್ ಮಾಡಿಸುವಾಗ ಕೀ ಸ್ವಿಚ್, ಬ್ಯಾಟರಿ, ಏರ್ ಫಿಲ್ಟರ್ ಬಾಕ್ಸ್ ಮೇಲೆ ನೇರವಾಗಿ ಪ್ರೆಶರ್ ಹೊಡೆಯದಂತೆ ಹೇಳಬೇಕು.

*ಪೆಟ್ರೋಲ್ ಹಾಕಿಸಿದ ಮೇಲೆ, ಅಥವಾ ಬಹಳ ದಿನ ನಿಂತ ಮೇಲೆ:* ಟ್ಯಾಂಕಿನಲ್ಲಿ ನೀರು ಇರಬಹುದು. ಈಗ ಬರುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರ್ತದೆ. ಕಬ್ಬಿನಿಂದ ತಯಾರಾಗುವ ಈ ಎಥೆನಾಲ್ ಮುಧೋಳ, ಜಮಖಂಡಿ ಸೀಮೆಯವರಿಗೆ ಹೊಸದೇನಲ್ಲ. ಅದು ನೀರನ್ನು ಹೀರಿಕೊಳ್ತದೆ. ನೀರು ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳದಲ್ಲಿ ಕೂಡ್ತವೆ. ಕಾರ್ಬುರೇಟರ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಇಟ್ಟರೆ ತಳದ ನೀರು ಬೇರೆ ಪದರವಾಗಿ ಕಾಣ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸೋದಾದರೆ ಟ್ಯಾಂಕ್ ಮುಚ್ಚಳದ ರಬ್ಬರ್ ಗಟ್ಟಿ ಇರಲಿ, ಬಿಸಿಲು-ಮಳೆಗೆ ನಿಲ್ಲಿಸಬೇಡಿ.

*ತಗ್ಗು-ದಿನ್ನೆ ರಸ್ತೆ ಮೇಲೆ:* ಫ್ಯೂಸ್ ಸಡಿಲ, ಬ್ಯಾಟರಿ ನಟ್ ಸಡಿಲ, ಫ್ರೇಮಿಗೆ ಉಜ್ಜಿ ಸಿಪ್ಪೆ ಹೋದ ವೈರ್.

ನಮ್ಮ ಸೀಮೆಯ ಕಾರಣಗಳು

ಇಳಕಲ್ ಸುತ್ತ ಗ್ರಾನೈಟ್ ಕ್ವಾರಿ, ಪಾಲಿಶಿಂಗ್ ಘಟಕಗಳ ಹಿಟ್ಟಿನಂಥ ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟಿಸ್ತದೆ. ಅಲ್ಲಿ ದಿನಾ ಓಡಾಡುವವರು ಮ್ಯಾನುವಲ್‌ನಲ್ಲಿ ಹೇಳಿದ ಕಿಲೋಮೀಟರ್‌ಗಿಂತ ಮೊದಲೇ ಫಿಲ್ಟರ್ ನೋಡಿಸಬೇಕು. ಸ್ಪಂಜಿನ ಫಿಲ್ಟರ್ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಮತ್ತೆ ಹಾಕಬಹುದು. ಎಣ್ಣೆ ಹಚ್ಚಿ ಬರುವ ಕಾಗದದ ಫಿಲ್ಟರ್ ಹಾಗಲ್ಲ. ಅದಕ್ಕೆ ಗಾಳಿ ಹೊಡೆದರೆ ಕೆಡ್ತದೆ, ಬದಲಿಸೋದೇ ದಾರಿ.

ಹುನಗುಂದ ಭಾಗದ ಎರಿ ಹೊಲದ ದಾರಿಯಲ್ಲಿ ಮಳೆ ಬಿದ್ದರೆ ಕರಿ ಮಣ್ಣು ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಮೆತ್ತಿಕೊಳ್ತದೆ. ಒಣಗಿದ ಮೇಲೆ ಸ್ಟ್ಯಾಂಡ್ ಮೇಲಿದ್ದರೂ ಗಾಡಿಗೆ 'ಕೆಳಗಿದೆ' ಅನ್ನೋ ಸಂದೇಶ ಹೋಗ್ತದೆ. ಒಂದು ಚೊಂಬು ನೀರು, ಹಳೇ ಹಲ್ಲುಜ್ಜೋ ಬ್ರಶ್ ಸಾಕು.

ಬಾದಾಮಿ ಬನಶಂಕರಿ ಜಾತ್ರೆ, ಕೂಡಲಸಂಗಮ, ಐಹೊಳೆ ಕಡೆ ಹೋದಾಗ ಬಿಸಿಲಲ್ಲೇ ತಾಸುಗಟ್ಟಲೆ ನಿಲ್ಲಿಸಿದ ಗಾಡಿಗಳಲ್ಲಿ ಬಿಸಿಯ ತೊಂದರೆ ಎದ್ದು ಕಾಣ್ತದೆ. ಬೇಸಿಗೆಯ ಬಿಸಿಲು ಬ್ಯಾಟರಿ ಆಯುಷ್ಯವನ್ನೂ ತಿನ್ನುತ್ತದೆ. ಬೇಸಿಗೆಯಲ್ಲಿ ಸೋತ ಬ್ಯಾಟರಿ ಚಳಿಗಾಲದ ಮುಂಜಾನೆ ಕೈಕೊಡ್ತದೆ.

ಇನ್ನೆರಡು ಕಾರಣ ಎಲ್ಲ ಊರಲ್ಲೂ ಇವೆ. ಒಂದು ಇಲಿ. ಜೋಳದ ಚೀಲದ ಪಕ್ಕ ನಿಲ್ಲಿಸಿದ ಗಾಡಿಯ ವೈರನ್ನು ಇಲಿ ಕಡಿದಿದ್ದು ಸೀಟ್ ಬಿಚ್ಚೋವರೆಗೆ ಗೊತ್ತಾಗೋದಿಲ್ಲ. ಇನ್ನೊಂದು ಹೊರಗಿನ ಫಿಟ್ಟಿಂಗ್. ಎಲ್‌ಇಡಿ ಲೈಟು, ಡಬಲ್ ಹಾರ್ನು, ಮೊಬೈಲ್ ಚಾರ್ಜರ್ ಅಂತ ವೈರ್ ಸಿಪ್ಪೆ ತೆಗೆದು, ಸುತ್ತಿ, ಟೇಪ್ ಹಚ್ಚಿದ ಜೋಡಣೆಗಳು ಆರು ತಿಂಗಳಲ್ಲಿ ಸಡಿಲಾಗ್ತವೆ. ಆಗಾಗ ಕೈಕೊಡೋ ಗಾಡಿಯಲ್ಲಿ ಮೊದಲು ಇವನ್ನೆಲ್ಲ ತೆಗೆಸಿ ಒಂದು ವಾರ ಓಡಿಸಿ ನೋಡಬೇಕು.

ಬಿಎಸ್-6 ಗಾಡಿ ಇದ್ದವರಿಗೆ

2020ರ ಏಪ್ರಿಲ್ 1ರಿಂದ ಮಾರಾಟವಾದ ಬಿಎಸ್-6 ಬೈಕುಗಳಲ್ಲಿ ಬಹುತೇಕ ಎಲ್ಲದರಲ್ಲೂ ಕಾರ್ಬುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇದೆ. ಇವುಗಳಲ್ಲಿ ಹಳೇ ಉಪಾಯ ಎಲ್ಲ ನಡೆಯೋದಿಲ್ಲ.

ಕೀ ಆನ್ ಮಾಡಿದ ಕೂಡಲೇ ಟ್ಯಾಂಕ್ ಕಡೆಯಿಂದ ಎರಡು-ಮೂರು ಸೆಕೆಂಡ್ 'ಝುಂಯ್' ಅನ್ನೋ ಸದ್ದು ಬರಬೇಕು. ಅದು ಪೆಟ್ರೋಲ್ ಪಂಪ್. ಆ ಸದ್ದು ಮುಗಿದ ಮೇಲೆ ಸೆಲ್ಫ್ ಒತ್ತಬೇಕು. ಕೈಕೊಟ್ಟ ಹೊತ್ತಿಗೆ ಸದ್ದೇ ಬರದಿದ್ದರೆ ಪಂಪ್, ಅದರ ಫ್ಯೂಸ್, ರಿಲೇ, ಕಪ್ಲರ್ ನೋಡಿಸಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಪಂಪಿಗೇ ಕರೆಂಟ್ ಇರೋದಿಲ್ಲ, ಆಗ ಎಷ್ಟು ನೂಕಿದರೂ ಹತ್ತದಿರಬಹುದು. ಪಂಪ್ ತಣ್ಣಗಿರೋದು ಸುತ್ತಲಿನ ಪೆಟ್ರೋಲಿನಿಂದಲೇ. ಯಾವಾಗಲೂ ರಿಸರ್ವ್‌ನಲ್ಲೇ ಓಡಿಸುವ ಅಭ್ಯಾಸ ಪಂಪಿಗೆ ಒಳ್ಳೇದಲ್ಲ.

ಗಾಡಿ ಬಿದ್ದು ಎಬ್ಬಿಸಿದ ಮೇಲೆ ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ. ಓರೆಯಾದಾಗ ಎಂಜಿನ್ ಬಂದ್ ಮಾಡುವ ಸೆನ್ಸರ್ ಇರ್ತದೆ. ಗಾಡಿ ನೆಟ್ಟಗೆ ನಿಲ್ಲಿಸಿ, ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು.

ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿ ಆರಿದ್ದರೂ ಅದರ ಕೋಡ್ ಒಳಗೆ ಉಳಿದಿರುವ ಸಾಧ್ಯತೆ ಇದೆ. ಹಾಗಾಗಿ ಬ್ಯಾಟರಿ ಬಿಚ್ಚುವ ಮೊದಲೇ ಸ್ಕ್ಯಾನರ್ ಹಚ್ಚಿಸಬೇಕು. ಕೆಲವು ಗಾಡಿಗಳಲ್ಲಿ ಬ್ಯಾಟರಿ ಬಿಚ್ಚಿದರೆ ಆ ದಾಖಲೆ ಅಳಿಸಿಹೋಗ್ತದೆ.

ಒಂದು ಚೀಟಿ ಬರೀರಿ

ಡಾಕ್ಟರ ಮುಂದೆ ಜ್ವರದ ಲೆಕ್ಕ ಹೇಳಿದಂಗೆ ಮೆಕ್ಯಾನಿಕ್ ಮುಂದೆ ಗಾಡಿ ಲೆಕ್ಕ ಹೇಳಬೇಕು. ಪ್ರತಿ ಸಲ ಕೈಕೊಟ್ಟಾಗ ಮೊಬೈಲಿನಲ್ಲಿ ಇಷ್ಟು ಬರೆದಿಡಿ: ದಿನ ಮತ್ತು ಹೊತ್ತು, ಎಂಜಿನ್ ತಣ್ಣಗಿತ್ತೋ ಬಿಸಿಯೋ, ಎಷ್ಟು ದೂರ ಓಡಿತ್ತು, ಪೆಟ್ರೋಲ್ ಎಷ್ಟಿತ್ತು, ಮಳೆ ಇತ್ತೋ, ಸೆಲ್ಫ್ ತಿರುಗಿತೋ ಇಲ್ಲೋ, ಕಡೆಗೆ ಏನು ಮಾಡಿದ ಮೇಲೆ ಸ್ಟಾರ್ಟ್ ಆಯಿತು. ಮೀಟರ್ ಮತ್ತು ಸದ್ದು ಎರಡೂ ಬರುವಂತೆ ಅರ್ಧ ನಿಮಿಷದ ವಿಡಿಯೊ ಇದ್ದರೆ ಇನ್ನೂ ಒಳ್ಳೇದು. ನಾಲ್ಕು ಸಲದ ಲೆಕ್ಕ ಒಟ್ಟಿಗೆ ನೋಡಿದರೆ ಬಹಳ ಸಲ ಕಾರಣ ತಾನೇ ಎದ್ದು ಕಾಣ್ತದೆ. ಬಿಸಿಯಲ್ಲಿ ಮಾತ್ರ ಕೈಕೊಡುವ ಗಾಡಿಯನ್ನು ಗ್ಯಾರೇಜಿನಲ್ಲಿ ರಾತ್ರಿ ಬಿಟ್ಟು ಬಂದರೆ ಉಪಯೋಗ ಇಲ್ಲ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಬಿಸಿಯಾಗಿಯೇ ಒಯ್ಯಬೇಕು.

ದುಡ್ಡಿನ ಮಾತು

ರಿಪೇರಿಗೆ ಮೊದಲು ಎಷ್ಟಾಗ್ತದೆ ಅಂತ ಕೇಳಿ. ಬದಲಿಸಿದ ಹಳೇ ಸಾಮಾನು ವಾಪಸ್ ಪಡೆಯಿರಿ. ಬಿಲ್ ತಗೊಳ್ಳಿ. ಸಿಡಿಐ, ಇಸಿಯುನಂಥ ದುಬಾರಿ ಸಾಮಾನು ಬದಲಿಸುವ ಮೊದಲು, ಅದೇ ಮಾಡೆಲ್‌ನ ಬೇರೆ ಗಾಡಿಯದ್ದನ್ನು ಹಾಕಿ ನೋಡಲು ಆಗ್ತದೆಯೇ ಅಂತ ವಿಚಾರಿಸಿ. ವಾರಂಟಿ ಇರುವ ಗಾಡಿಯ ವೈರಿಂಗ್‌ಗೆ ಹೊರಗೆ ಕೈ ಹಾಕಿಸಬೇಡಿ. ಶೋರೂಮ್ ಜಾಬ್ ಕಾರ್ಡಿನಲ್ಲಿ 'ಜನರಲ್ ಚೆಕಪ್' ಅಂತ ಬರೆಯಲು ಬಿಡದೆ, 'ಬಿಸಿಯಾದ ಮೇಲೆ ಸ್ಟಾರ್ಟ್ ಆಗುವುದಿಲ್ಲ' ಅಂತ ನಿಮ್ಮ ದೂರನ್ನೇ ಬರೆಸಿ. ಅದೇ ತೊಂದರೆಗೆ ನಾಲ್ಕು ಸಲ ಹೋಗಿದ್ದೀರಿ ಅನ್ನೋದಕ್ಕೆ ಮುಂದೆ ಆ ಕಾಗದವೇ ಸಾಕ್ಷಿ.

ಪದೇ ಪದೇ ಒಯ್ದರೂ ಸರಿಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಗಾಡಿ ಬೇರೆ ಊರಲ್ಲಿ ಕೊಂಡಿದ್ದರೂ ತಾವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಕಾರಣ ಉಂಟಾದ 2 ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ.

ಇವನ್ನು ಮಾತ್ರ ಮಾಡಬ್ಯಾಡ್ರಿ

- ಸೆಲ್ಫ್ ಬಟನ್ ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡೀಬೇಡಿ. ನಡುವೆ ಹತ್ತು ಸೆಕೆಂಡ್ ಬಿಡಿ.
- ಸುಟ್ಟ ಫ್ಯೂಸ್ ಜಾಗಕ್ಕೆ ತಂತಿ ಅಥವಾ ಸಿಗರೇಟ್ ಹಾಳೆ ಹಾಕಬೇಡಿ. ವೈರಿಂಗ್ ಪೂರ್ತಿ ಸುಡಬಹುದು.
- ಸೈಡ್ ಸ್ಟ್ಯಾಂಡ್ ಸ್ವಿಚ್ ತೆಗೆಸಿ ವೈರ್ ನೇರ ಕೂಡಿಸಬೇಡಿ. ಅದು ಇರೋದು ಸ್ಟ್ಯಾಂಡ್ ಮರೆತು ಹೊರಟು ಬೀಳಬಾರದು ಅಂತ.
- ಪ್ಲಗ್ ತೂತಿಗೆ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡಲು ಹೋಗಬೇಡಿ.
- ಹುನಗುಂದ–ಇಳಕಲ್ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಗಾಡಿ ನಿಂತರೆ ಬಿಳಿ ಗೆರೆಯ ಹೊರಗೆ ಪೂರ್ತಿ ಬದಿಗೆ ಒಯ್ಯಿರಿ. ರಾತ್ರಿಯಾದರೆ ಲಾರಿಗಳ ನಡುವೆ ನೂಕಿ ಸ್ಟಾರ್ಟ್ ಮಾಡುವ ಸಾಹಸ ಬೇಡವೇ ಬೇಡ. ಹೆದ್ದಾರಿ ಸಹಾಯವಾಣಿ 1033, ತುರ್ತು ಸೇವೆ 112.

ಆಗಾಗ ಕೈಕೊಡೋ ಗಾಡಿ ತಾನಾಗಿ ಸುಧಾರಿಸೋದಿಲ್ಲ. ಇವತ್ತು ಮನೆ ಮುಂದೆ ನಿಂತದ್ದು ನಾಳೆ ನಡುರಾತ್ರಿ ನಡುದಾರಿಯಲ್ಲಿ ನಿಲ್ತದೆ. ಮುಂದಿನ ಸಲ ಕೈಕೊಟ್ಟಾಗ ನೂಕೋದಕ್ಕೆ ಮೊದಲು ಐದು ನಿಮಿಷ ನಿಂತು ನೋಡ್ರಿ.